ವೇಳೆ ಹೇಳಬಲ್ಲ ರೈಲು: ಮುಂಬಯಿಯ ಅಕ್ವಾ ಮೆಟ್ರೊ ಮಾರ್ಗದಲ್ಲಿ ನಾಲ್ಕು ತಿಂಗಳು

ಮುಂಬಯಿಯ ಕನ್ನಡ ಸಂಘಗಳ ಆಮಂತ್ರಣ ಪತ್ರಿಕೆಗಳಲ್ಲಿ ‘ಸಂಜೆ 5 ಗಂಟೆಗೆ ಸರಿಯಾಗಿ’ ಎಂದು ಅಚ್ಚಾಗುವ ಮಾತನ್ನು ಈ ಊರಿನಲ್ಲಿ ಯಾರೂ ಇದ್ದಂತೆ ನಂಬುವುದಿಲ್ಲ. ಐದಕ್ಕೆ ಸಭಾಗೃಹದಲ್ಲಿರುವವರು ಮೈಕಿನವನು, ಹೂಮಾಲೆಯ ಚೀಲ ಹಿಡಿದ ಕಾರ್ಯದರ್ಶಿ ಮತ್ತು ಪಕ್ಕದ ಕಟ್ಟಡದಲ್ಲೇ ಮನೆಯಿರುವ ಇಬ್ಬರು ಹಿರಿಯರು ಮಾತ್ರ; ಮುಖ್ಯ ಅತಿಥಿಗಳು ಆ ಹೊತ್ತಿಗೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಯಾವುದೋ ಮೇಲ್ಸೇತುವೆಯ ಮೇಲೆ ನಿಂತ ಕಾರಿನಿಂದ ‘ಇನ್ನು ಹತ್ತೇ ನಿಮಿಷ’ ಎಂದು ಫೋನು ಮಾಡುತ್ತಿರುತ್ತಾರೆ. ಆ ಹತ್ತು ನಿಮಿಷ ಐವತ್ತಾದರೂ ಯಾರೂ ಸಿಟ್ಟಾಗುವುದಿಲ್ಲ, ಏಕೆಂದರೆ ಸಿಟ್ಟಾಗಬೇಕಾದವರೂ ಇನ್ನೊಂದು ಮೇಲ್ಸೇತುವೆಯ ಮೇಲೆ ಸಿಕ್ಕಿಕೊಂಡಿರುತ್ತಾರೆ. ‘ಬರಲು ಎಷ್ಟು ಹೊತ್ತಾಗುತ್ತದೆ?’ ಎಂಬ ಸರಳ ಪ್ರಶ್ನೆಗೆ ‘ಟ್ರಾಫಿಕ್ ಹೇಗಿದೆಯೋ ನೋಡಬೇಕು’ ಎಂಬುದಕ್ಕಿಂತ ಖಚಿತವಾದ ಉತ್ತರ ಕೊಡಲು ಈ ಮಹಾನಗರದ ರಸ್ತೆಗಳಿಂದ ಸಾಧ್ಯವಾಗದೆ ಎಷ್ಟೋ ವರ್ಷಗಳಾದವು. ಮೆಟ್ರೊ 3, ಅಂದರೆ ಅಕ್ವಾ ಮಾರ್ಗವನ್ನು ನಾನು ಅಳೆಯುವುದು ಮುಖ್ಯವಾಗಿ ಈ ಒಂದು ಪ್ರಶ್ನೆಯಿಂದ. ಅದರ ತಂಪು, ಹೊಳಪು, ಗಾಜಿನ ಬಾಗಿಲುಗಳ ವಿಚಾರ ಆಮೇಲಿನದು.

ಉತ್ತರದ ಆರೆ ಕಾಲನಿಯ ಅಂಚಿನಿಂದ ದಕ್ಷಿಣ ತುದಿಯ ಕಫ್ ಪರೇಡಿನವರೆಗೆ 33.5 ಕಿಲೋಮೀಟರ್ ಉದ್ದದ ಈ ಮಾರ್ಗದಲ್ಲಿ 27 ನಿಲ್ದಾಣಗಳಿವೆ. ಅವುಗಳಲ್ಲಿ ಆರೆ ಒಂದನ್ನು ಬಿಟ್ಟರೆ ಉಳಿದ 26 ನೆಲದಡಿಯಲ್ಲಿವೆ. ಇದು ಒಮ್ಮೆಗೇ ತೆರೆದುಕೊಳ್ಳಲಿಲ್ಲ. 2024ರ ಅಕ್ಟೋಬರಿನಲ್ಲಿ ಆರೆಯಿಂದ ಬಾಂದ್ರಾ-ಕುರ್ಲಾ ಸಂಕೀರ್ಣ, ಅಂದರೆ ಎಲ್ಲರ ಬಾಯಲ್ಲಿರುವ ಬಿಕೆಸಿಯವರೆಗೆ, 2025ರ ಮೇ ತಿಂಗಳಲ್ಲಿ ವರ್ಲಿಯ ಆಚಾರ್ಯ ಅತ್ರೆ ಚೌಕದವರೆಗೆ, ಕೊನೆಗೆ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ ಮರುದಿನದಿಂದ ಕಫ್ ಪರೇಡಿನವರೆಗೆ ಗಾಡಿಗಳು ಓಡತೊಡಗಿದವು. ಉತ್ತರದ ಮರೋಳಿನಲ್ಲಿ ಮನೆ, ದಕ್ಷಿಣ ಮುಂಬಯಿಯ ಫೋರ್ಟಿನಲ್ಲಿ ಕಚೇರಿ ಇರುವ ನನ್ನಂಥವನಿಗೆ ಮೊದಲೆರಡು ಹಂತಗಳು ಅರ್ಧ ಸೇತುವೆಯಂತಿದ್ದವು. ಪೂರ್ತಿ ಮಾರ್ಗ ತೆರೆದ ಮೇಲೆ, ರಜೆಯ ದಿನಗಳನ್ನು ಬಿಟ್ಟು, ನಾಲ್ಕು ತಿಂಗಳಿನಿಂದ ದಿನಕ್ಕೆರಡು ಬಾರಿ ಇದರಲ್ಲಿ ಪ್ರಯಾಣಿಸಿದ್ದೇನೆ.

ಇದಕ್ಕೆ ಮೊದಲು ನನ್ನ ದಾರಿ ಹೇಗಿತ್ತೆಂದು ಹೇಳದಿದ್ದರೆ ಹೊಗಳಿಕೆಯ ತೂಕ ತಿಳಿಯದು. 2014ರಲ್ಲಿ ಆರಂಭವಾದ ವರ್ಸೋವಾ-ಘಾಟ್‌ಕೋಪರ್ ಮೆಟ್ರೊದಲ್ಲಿ ಮರೋಳ್ ನಾಕಾದಿಂದ ಅಂಧೇರಿಗೆ ಬಂದು, ಅಲ್ಲಿಂದ ಚರ್ಚ್‌ಗೇಟಿನ ಫಾಸ್ಟ್ ಲೋಕಲ್ ಹಿಡಿದು, ಇಳಿದು ಫೋರ್ಟಿಗೆ ನಡೆಯುವುದು ಒಂದು ಕ್ರಮ. ಲೋಕಲ್ ರೈಲಿನ ಋಣ ಈ ಊರಿನ ಯಾರಿಗೂ ತೀರುವಂಥದ್ದಲ್ಲ. ಅದೂ ಹೆಚ್ಚುಕಡಿಮೆ ಹೇಳಿದ ಹೊತ್ತಿಗೇ ತಲುಪಿಸುತ್ತದೆ. ಆದರೆ ಐವತ್ತೈದು ದಾಟಿದ ಮೇಲೆ, ಬೆಳಗಿನ ಒಂಬತ್ತರ ಹೊತ್ತಿಗೆ ಅಂಧೇರಿಯಲ್ಲಿ ಬಾಗಿಲಿಗೆ ಮೈಯೊಡ್ಡುವುದು ಮೊಣಕಾಲಿನ ವೈದ್ಯರು ಒಪ್ಪುವ ವ್ಯಾಯಾಮವಲ್ಲ. ಹಾಗಾಗಿ ಮಳೆಯ ದಿನಗಳಲ್ಲಿ, ಮೈ ಸರಿಯಿಲ್ಲದಾಗ, ಕೈಯಲ್ಲಿ ಕಡತಗಳ ಗಂಟಿದ್ದಾಗ ನಾನೂ ರಸ್ತೆಗೇ ಶರಣಾಗುತ್ತಿದ್ದೆ.

2024ರ ಜುಲೈ ತಿಂಗಳ ಒಂದು ಸಂಜೆ ಬಿಕೆಸಿಯಿಂದ ಮರೋಳಿಗೆ ಆ್ಯಪ್ ಮೂಲಕ ಟ್ಯಾಕ್ಸಿ ಕರೆಸಿದ್ದೆ. ಕಂಪನಿಯ ಹೆಸರು ಇಲ್ಲಿ ಬೇಡ, ಯಾರದಾದರೂ ಹಾಗೆಯೇ ಆಗುತ್ತಿತ್ತು. ಹತ್ತು ಕಿಲೋಮೀಟರೂ ಇಲ್ಲದ ಆ ದಾರಿಗೆ ಪರದೆಯ ಮೇಲೆ 38 ನಿಮಿಷ ಎಂದು ಕಾಣಿಸಿತು. ಕಲೀನಾ ತಲುಪುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಪರದೆ ಮಾತ್ರ ಇನ್ನೂ 40 ನಿಮಿಷ ಉಳಿದಿದೆ ಎನ್ನುತ್ತಿತ್ತು. ಮುಂದೆ ಸಾಗಿದಂತೆಲ್ಲ ಮನೆ ಹಿಂದಕ್ಕೆ ಸರಿಯುತ್ತಿದೆಯೇನೋ ಎನ್ನಿಸುವ ಆ ಲೆಕ್ಕದ ವಿಚಿತ್ರವನ್ನು ಮುಂಬಯಿಯಲ್ಲಿ ಮಳೆಗಾಲ ಕಂಡವರೆಲ್ಲ ಬಲ್ಲರು. ಮನೆ ಮುಟ್ಟಿದಾಗ ಎರಡು ಗಂಟೆ ಹತ್ತು ನಿಮಿಷವಾಗಿತ್ತು, ತೋರಿಸಿದ್ದಕ್ಕಿಂತ ಹೆಚ್ಚು ಹಣವೂ ಹೋಗಿತ್ತು, ದೂರಿಗೆ ಬಂದ ಉತ್ತರ ಯಂತ್ರದ್ದಾಗಿತ್ತು. ಚಾಲಕನನ್ನು ದೂರಲಾರೆ, ಉತ್ತರ ಪ್ರದೇಶದ ಆ ಹುಡುಗ ನನಗಿಂತ ಹೆಚ್ಚು ಹಸಿದಿದ್ದ. ಆ ರಾತ್ರಿ ನನ್ನನ್ನು ಕಾಡಿದ್ದು ಹೋದ ಎರಡು ಗಂಟೆಗಳಿಗಿಂತ, ಅವು ಹೋಗಲಿವೆಯೆಂದು ಹೊರಡುವ ಮುನ್ನ ತಿಳಿಯುವ ಉಪಾಯವೇ ಇರಲಿಲ್ಲವೆಂಬ ಸಂಗತಿ.

ಈಗ ಮರೋಳ್ ನಾಕಾದಿಂದ ಫೋರ್ಟಿನ ಹುತಾತ್ಮಾ ಚೌಕಕ್ಕೆ ನನ್ನ ಗಡಿಯಾರದಲ್ಲಿ 45 ನಿಮಿಷ, ಹೆಚ್ಚೆಂದರೆ ಒಂದೆರಡು ನಿಮಿಷ ಆಚೀಚೆ. ಎಸ್ಕಲೇಟರುಗಳ ಮೇಲೆ ನಿಂತು ಪ್ಲಾಟ್‌ಫಾರ್ಮಿಗೆ ಇಳಿಯಲು ಐದು ನಿಮಿಷ, ಗಾಡಿಗಾಗಿ ಕಾಯಲು ಇನ್ನೈದು ನಿಮಿಷ ಸೇರಿಸಿದರೂ ಒಂದು ಗಂಟೆಯೊಳಗೆ ಕಚೇರಿಯ ಬಾಗಿಲಿನಲ್ಲಿರುತ್ತೇನೆ. ಲೋಕಲ್ ರೈಲಿನ ಹಳೆಯ ಕ್ರಮಕ್ಕೆ ಹೋಲಿಸಿದರೆ ಉಳಿಯುವುದು ಹತ್ತು ಹದಿನೈದು ನಿಮಿಷ ಮಾತ್ರವೆಂದು ಒಪ್ಪಿಕೊಳ್ಳಬೇಕು. ವೇಗದ ಜಾಹೀರಾತು ನೋಡಿ ಬಂದವರಿಗೆ ಇದು ದೊಡ್ಡ ಲಾಭವೆನಿಸದು. ರಸ್ತೆಗೆ ಹೋಲಿಸಿದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ, ಏಕೆಂದರೆ ರಸ್ತೆಯಲ್ಲಿ ಅದೇ ದೂರ ಭಾನುವಾರ ಬೆಳಿಗ್ಗೆ ಮುಕ್ಕಾಲು ಗಂಟೆಯಾದರೆ ಶುಕ್ರವಾರ ಸಂಜೆ ಎರಡೂವರೆ ಗಂಟೆಯಾಗಬಲ್ಲದು, ಮತ್ತು ಎಲ್ಲೋ ನಡುವೆ ಇರುವ ಸರಾಸರಿಯನ್ನು ನಂಬಿ ಯಾರೂ ಮನೆ ಬಿಡಲಾರರು. ಮುಂಬಯಿಗರು ಯಾವ ಕೆಲಸಕ್ಕೂ ಒಂದು ಗಂಟೆ ಮೊದಲೇ ಹೊರಡುತ್ತಾರಲ್ಲ, ಆ ಹೆಚ್ಚುವರಿ ಗಂಟೆಯೇ ಟ್ರಾಫಿಕ್ಕಿನ ನಿಜವಾದ ಕಂದಾಯ. ರಸ್ತೆ ಖಾಲಿಯಿದ್ದ ದಿನವೂ ಅದನ್ನು ಕಟ್ಟಲೇಬೇಕು. ಮೆಟ್ರೊದಿಂದ ನನಗೆ ಮರಳಿ ಬಂದಿರುವುದು ಆ ಗಂಟೆ. ಬೆಳಿಗ್ಗೆ ಪತ್ರಿಕೆಯನ್ನು ತಲೆಬರಹಗಳಾಚೆಗೂ ಓದುತ್ತಿದ್ದೇನೆ, ಎರಡನೆಯ ಲೋಟ ಕಾಫಿ ತಣ್ಣಗಾಗುವ ಮೊದಲೇ ಮುಗಿಯುತ್ತದೆ.

ಪ್ರಯಾಣದ ಗುಣಮಟ್ಟದ ಬಗ್ಗೆ ದೂರುಗಳಿಲ್ಲ. ಎಂಟು ಬೋಗಿಗಳ ಗಾಡಿ, ಸುಮಾರು 2,500 ಜನರಿಗೆ ಸ್ಥಳ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಗಾಡಿ ಬಂದು ನಿಂತ ಮೇಲೆಯೇ ತೆರೆಯುವ ಗಾಜಿನ ಗೋಡೆ. ‘ಪುಢೀಲ ಸ್ಥಾನಕ’ (ಮುಂದಿನ ನಿಲ್ದಾಣ) ಎಂಬ ಮರಾಠಿ ಘೋಷಣೆಯ ಬೆನ್ನಿಗೆ ಹಿಂದಿ, ಇಂಗ್ಲಿಷ್ ಬರುತ್ತವೆ. ಧಾರಾವಿಗೂ ಬಿಕೆಸಿಗೂ ನಡುವೆ ಗಾಡಿ ಮಿಠಿ ನದಿಯ ಅಡಿಯಲ್ಲಿ ಹಾದುಹೋಗುತ್ತದೆ. 2005ರ ಜುಲೈ 26ರ ಮಳೆಯಲ್ಲಿ ಅದೇ ನದಿ ಉಕ್ಕಿ ನಮ್ಮನ್ನೆಲ್ಲ ರಾತ್ರಿಯಿಡೀ ನಡೆಸಿದ್ದನ್ನು ನೆನೆದರೆ ಈ ಎರಡು ನಿಮಿಷಗಳು ನನಗೆ ಪ್ರತಿ ಸಲವೂ ಸ್ವಲ್ಪ ಅಳುಕಿನವು. ಅಳುಕು ಪೂರ್ತಿ ಆಧಾರವಿಲ್ಲದ್ದೂ ಅಲ್ಲ: 2025ರ ಮೇ 26ರಂದು ಅವಧಿಗೆ ಮುನ್ನವೇ ಬಂದ ಮುಂಗಾರು ಆಚಾರ್ಯ ಅತ್ರೆ ಚೌಕದ ಹೊಸ ನಿಲ್ದಾಣದೊಳಗೆ ನೀರು ನುಗ್ಗಿಸಿ, ಆ ಭಾಗದ ಸಂಚಾರವನ್ನು ನಿಲ್ಲಿಸಿತ್ತು. ಪೂರ್ಣ ಮಾರ್ಗ ಇನ್ನೂ ಒಂದು ಇಡೀ ಮಳೆಗಾಲವನ್ನು ಕಂಡಿಲ್ಲ. ವಿಮರ್ಶೆಯ ಆ ಅಂಕಗಳನ್ನು ನಾನು ಸೆಪ್ಟೆಂಬರಿನವರೆಗೆ ಕೊಡದೆ ಇಟ್ಟುಕೊಂಡಿದ್ದೇನೆ.

ನೆಲದಡಿಯಲ್ಲಿ ಇಷ್ಟು ಸುಖವಿದ್ದರೆ ಮೇಲಿನ ರಸ್ತೆ ಹಗುರಾಗಬೇಕಿತ್ತಲ್ಲವೇ ಎಂದು ಊರಿನಿಂದ ಬಂದ ನೆಂಟರು ಕೇಳುತ್ತಾರೆ. ಹಗುರಾಗಿಲ್ಲ. ಈ ಊರಿನ ಆಕಾರವೇ ಹಾಗೆ: ಕಡಲ ನಡುವೆ ಉತ್ತರ-ದಕ್ಷಿಣವಾಗಿ ಚಾಚಿದ ಸಪೂರವಾದ ನೆಲ, ದುಡಿಮೆ ಬಹುಕಾಲ ದಕ್ಷಿಣದ ತುದಿಯಲ್ಲಿ, ವಾಸ ಉತ್ತರಕ್ಕೆ ಸರಿಯುತ್ತ ಸರಿಯುತ್ತ ವಿರಾರ್, ಕಲ್ಯಾಣ್‌ಗಳವರೆಗೆ. ಬೆಳಿಗ್ಗೆ ಎಲ್ಲರೂ ಒಂದೇ ದಿಕ್ಕಿಗೆ, ಸಂಜೆ ಎಲ್ಲರೂ ಅದರ ವಿರುದ್ಧ ದಿಕ್ಕಿಗೆ. ಬಿಕೆಸಿ ಬೆಳೆದ ಮೇಲೆ ದಿಕ್ಕುಗಳು ಹೆಚ್ಚಾದವು. ಆದರೆ ಪೂರ್ವ-ಪಶ್ಚಿಮವಾಗಿ ಹಾಯುವ ರಸ್ತೆಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಅಂಧೇರಿ-ಕುರ್ಲಾ ರಸ್ತೆಯಂಥವು ಹಗಲಿಡೀ ಉಸಿರು ಕಟ್ಟಿಕೊಂಡೇ ಇರುತ್ತವೆ. 1990ರ ದಶಕದ ಕೊನೆಯಲ್ಲಿ ಐವತ್ತಕ್ಕೂ ಹೆಚ್ಚು ಮೇಲ್ಸೇತುವೆಗಳ ಯೋಜನೆ ಬಂತು, 2009ರಲ್ಲಿ ಬಾಂದ್ರಾ-ವರ್ಲಿ ಸೀ ಲಿಂಕ್ ಬಂತು, 2024ರ ಮಾರ್ಚಿನಿಂದ ಕೋಸ್ಟಲ್ ರೋಡ್ ಹಂತಹಂತವಾಗಿ ತೆರೆದುಕೊಂಡಿತು. ಒಂದೊಂದೂ ಕೆಲಕಾಲ ಸಿಗ್ನಲ್ಲುಗಳನ್ನು ತಪ್ಪಿಸಿತು, ಆಮೇಲೆ ಮನೆಯಲ್ಲೇ ಇರುತ್ತಿದ್ದ ಕಾರುಗಳನ್ನು ರಸ್ತೆಗೆ ಕರೆತಂದಿತು. ಸೀ ಲಿಂಕಿನ ಮೇಲಾಗಲಿ ಕೋಸ್ಟಲ್ ರೋಡಿನ ಮೇಲಾಗಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲದಿರುವುದರಿಂದ, ಈ ಊರಿನ ಅತಿ ದುಬಾರಿ ಡಾಂಬರು ಯಾರಿಗಾಗಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಸೇತುವೆಗಳ ಕಥೆ ಬೇರೆ. 2018ರ ಜುಲೈ 3ರಂದು ಅಂಧೇರಿಯ ಗೋಖಲೆ ಸೇತುವೆಯ ಒಂದು ಭಾಗ ಹಳಿಗಳ ಮೇಲೆ ಕುಸಿಯಿತು. 2022ರ ನವೆಂಬರಿನಲ್ಲಿ ಪೂರ್ತಿ ಮುಚ್ಚಿದ ಆ ಸೇತುವೆ ಹೊಸದಾಗಿ ಎದ್ದು ಎರಡೂ ಬದಿಗೆ ತೆರೆದದ್ದು 2025ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಸಯನ್ನಿನ ರೈಲ್ವೆ ಮೇಲ್ಸೇತುವೆ 2024ರ ಆಗಸ್ಟಿನಲ್ಲಿ ಮುಚ್ಚಿತ್ತು, 2025ರ ಸೆಪ್ಟೆಂಬರಿನಲ್ಲಿ ಪ್ರಭಾದೇವಿಯ ಹಳೆಯ ಎಲ್ಫಿನ್‌ಸ್ಟನ್ ಸೇತುವೆಯೂ ಮುಚ್ಚಿತು. ಒಂದು ನರ ಕಟ್ಟಿದರೆ ಇನ್ನೊಂದು ಊದಿಕೊಳ್ಳುವಂತೆ ವಾಹನಗಳು ಉಳಿದ ದಾರಿಗಳಿಗೆ ತಿರುಗುತ್ತವೆ. ಇನ್ನು ಮೆಟ್ರೊವನ್ನೇ ಕಟ್ಟುತ್ತಿದ್ದ ಏಳೆಂಟು ವರ್ಷ ಫೋರ್ಟ್, ಗಿರಗಾಂವ್, ದಾದರ್, ಮಾಹಿಮ್‌ಗಳ ರಸ್ತೆಗಳ ಅರ್ಧ ಅಗಲವನ್ನು ತಗಡಿನ ಬೇಲಿಗಳು ನುಂಗಿದ್ದವು. ಟ್ರಾಫಿಕ್ಕಿಗೆ ಔಷಧವೆಂದು ಬಂದದ್ದು ಅಷ್ಟು ಕಾಲ ಟ್ರಾಫಿಕ್ಕನ್ನೇ ಹೆಚ್ಚಿಸಿತು. ಆ ಬೇಲಿಗಳ ಹಿಂದೆ ಮರೆಯಾದ ಅಂಗಡಿಗಳ, ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆಯಲ್ಲಿ ಆ ವರ್ಷಗಳ ಲೆಕ್ಕವಿದೆ; ಯೋಜನೆಗೆ ತಗುಲಿದ 37 ಸಾವಿರ ಕೋಟಿಗೂ ಮಿಕ್ಕಿದ ವೆಚ್ಚದಲ್ಲಿ ಅದು ಸೇರಿರುವುದಿಲ್ಲ. ಮೆಟ್ರೊ ಗಾಡಿಗಳು ತಂಗುವ ಕಾರು ಶೆಡ್ಡಿಗಾಗಿ 2019ರ ಅಕ್ಟೋಬರಿನ ಒಂದು ರಾತ್ರಿ ಆರೆಯಲ್ಲಿ ಮರಗಳು ಉರುಳತೊಡಗಿದ್ದನ್ನೂ ನಾನು ಮರೆತಿಲ್ಲ. ಅದೇ ಶೆಡ್ಡಿನಿಂದ ಹೊರಡುವ ಗಾಡಿಯಲ್ಲಿ ಕುಳಿತು ಅದನ್ನು ಬರೆಯುವುದು ಕಷ್ಟ, ಬರೆಯದಿರುವುದು ಇನ್ನೂ ಕಷ್ಟ.

ಸೇವೆಯ ದೌರ್ಬಲ್ಯವಿರುವುದು ರೈಲಿನಲ್ಲಲ್ಲ, ನಿಲ್ದಾಣದ ಮೆಟ್ಟಿಲು ಮುಗಿದಲ್ಲಿಂದ ಮುಂದಿನ ಅರ್ಧ ಕಿಲೋಮೀಟರಿನಲ್ಲಿ. 45 ನಿಮಿಷದ ದಾರಿಯನ್ನು ನಿಮಿಷ ತಪ್ಪದೆ ಬಂದು, ಮೇಲೆ ಹತ್ತಿದ ತಕ್ಷಣ ಮತ್ತದೇ ಹಳೆಯ ಮುಂಬಯಿ: ಫುಟ್‌ಪಾತಿನ ಮೇಲೆ ನಿಲ್ಲಿಸಿದ ಬೈಕುಗಳು, ಅಗೆದು ಮುಚ್ಚದ ಗುಂಡಿ, ಮೂಗಿಗೆ ಬಡಿಯುವ ಹೊಗೆ. ಉಪನಗರಗಳಲ್ಲಿ ರಿಕ್ಷಾದ ಕನಿಷ್ಠ ದರ 2025ರ ಫೆಬ್ರವರಿಯಿಂದ 26 ರೂಪಾಯಿ. ಆದರೆ ಒಂದೂವರೆ ಕಿಲೋಮೀಟರಿಗಾಗಿ ಆ ಜಂಜಾಟದೊಳಗೆ ನುಗ್ಗಲು ಹೆಚ್ಚಿನ ರಿಕ್ಷಾದವರು ಒಲ್ಲರು, ಅವರ ಕಡೆಯಿಂದ ನೋಡಿದರೆ ಅದೂ ತಪ್ಪಲ್ಲ. ಸಯನ್-ಮಾಹಿಮ್‌ನಿಂದ ದಕ್ಷಿಣಕ್ಕೆ ರಿಕ್ಷಾಗಳಿಗೆ ಅನುಮತಿಯೇ ಇಲ್ಲ. ನಗರ ಸಾರಿಗೆಯ ಬೆಸ್ಟ್ ಬಸ್ಸುಗಳು ಒಂದು ಕಾಲಕ್ಕೆ 4 ಸಾವಿರಕ್ಕೂ ಹೆಚ್ಚಿದ್ದವು, ಆ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗುತ್ತ ಬಂದಿದೆ, 2025ರ ಮೇ ತಿಂಗಳಲ್ಲಿ ಕನಿಷ್ಠ ಟಿಕೆಟ್ 5ರಿಂದ 10 ರೂಪಾಯಿಗೆ ಏರಿತು. ಮೆಟ್ರೊದ ಬೆನ್ನೆಲುಬಿಗೆ ಬಸ್ಸು ಪಕ್ಕೆಲುಬಾಗಬೇಕಿತ್ತು. ಬೆನ್ನೆಲುಬು ಬಂದ ಹೊತ್ತಿಗೇ ಪಕ್ಕೆಲುಬುಗಳು ಕಳಚುತ್ತಿವೆ. ಉಳಿದ ಬಸ್ಸುಗಳೂ ಅದೇ ಟ್ರಾಫಿಕ್ಕಿನಲ್ಲಿ ನಿಂತಿರುತ್ತವೆಂಬುದು ಬೇರೆ ಮಾತು.

ಆದ್ದರಿಂದ ಈ ಮಾರ್ಗ ಯಾರಿಗೆ ಉಪಯೋಗ ಎಂಬುದಕ್ಕೆ ಉತ್ತರ, ನೀವು ಹೋಗಬೇಕಾದ ಜಾಗ ನಿಲ್ದಾಣದಿಂದ ಎಷ್ಟು ಹೆಜ್ಜೆಯಲ್ಲಿದೆ ಎಂಬುದರ ಮೇಲಿದೆ. ಕನ್ನಡಿಗರ ಮಟ್ಟಿಗೆ ಅದೃಷ್ಟ ಅರ್ಧ ಒಲಿದಿದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವ ಕಲೀನಾ ಆವರಣದ ಬಳಿಯೇ ಈಗ ಬಾಂದ್ರಾ ಕಾಲನಿ ಎಂಬ ನಿಲ್ದಾಣವಿದೆ. ವಿಚಾರ ಸಂಕಿರಣಕ್ಕೆ ಫೋರ್ಟಿನಿಂದ ಬರುವವರು ಕುರ್ಲಾದಲ್ಲೋ ಸಾಂತಾಕ್ರೂಜಿನಲ್ಲೋ ಇಳಿದು ರಿಕ್ಷಾಕ್ಕೆ ಕೈಮುಗಿಯುವ ಕಾಲ ಮುಗಿಯಿತು. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರಕ್ಕೆ ಶೀತಲಾದೇವಿ ನಿಲ್ದಾಣದಿಂದ ನಡೆದೇ ಹೋಗಬಹುದು. ಮಂಗಳವಾರ ಸಿದ್ಧಿವಿನಾಯಕನ ದರ್ಶನಕ್ಕೆ ಹೋಗುವ ನನ್ನ ಹೆಂಡತಿಗೆ ದೇವರಿಗಿಂತ ಮೊದಲು ಪ್ರಭಾದೇವಿಯ ಜಂಕ್ಷನ್ನಿಗೆ ಹರಕೆ ಹೊರುವ ಪ್ರಮೇಯ ತಪ್ಪಿದೆ. ಮಂಗಳೂರಿನ ವಿಮಾನ ಹಿಡಿಯುವವರಿಗೆ ಎರಡೂ ಟರ್ಮಿನಲ್ಲುಗಳ ಹೆಸರಿನ ನಿಲ್ದಾಣಗಳಿವೆ. ಆದರೆ ಮೈಸೂರು ಅಸೋಸಿಯೇಷನ್ ಇರುವ ಮಾಟುಂಗಾ ಪೂರ್ವಕ್ಕೆ, ಬಂಟರ ಸಂಘದ ಕುರ್ಲಾಕ್ಕೆ, ಮುಲುಂಡ್, ಠಾಣೆ, ಡೊಂಬಿವಲಿಗಳ ಕನ್ನಡಿಗರಿಗೆ ಈ ಮಾರ್ಗದಿಂದ ಹೆಚ್ಚಿನ ಪ್ರಯೋಜನವಿಲ್ಲ. ಸೆಂಟ್ರಲ್ ಲೈನಿನ ಗೆಳೆಯರು ನನ್ನ ಉತ್ಸಾಹವನ್ನು ಕೇಳಿ ‘ನಿಮ್ಮದೇನು ಬಿಡಿ, ವೆಸ್ಟರ್ನಿನವರು’ ಎಂದು ನಗುತ್ತಾರೆ.

ದರ 10ರಿಂದ 70 ರೂಪಾಯಿ. ಟ್ಯಾಕ್ಸಿಯ ಬದಲಿಗೆ ಬಂದವನಿಗೆ ಇದು ಅಗ್ಗ, ಲೋಕಲ್ಲಿನ ಸೆಕೆಂಡ್ ಕ್ಲಾಸ್ ಪಾಸಿನವನಿಗೆ ದುಬಾರಿ. ನನ್ನ ಬೋಗಿಯಲ್ಲಿ ಲ್ಯಾಪ್‌ಟಾಪಿನ ಚೀಲಗಳು ಹೆಚ್ಚು, ಡಬ್ಬಾದ ಚೀಲಗಳು ಕಡಿಮೆ. ಟಿಕೆಟಿಗೆ ಸಾಲು ನಿಲ್ಲಬೇಕಾಗಿಲ್ಲ, ಫೋನಿನಲ್ಲೇ ಕ್ಯೂಆರ್ ಪಡೆಯಬಹುದು. ಆದರೆ ಸುರಂಗದೊಳಗೆ ಮೊಬೈಲ್ ಸಂಪರ್ಕ ಸಿಗದಿರುವ ವಿಚಾರ ಆರಂಭದ ವಾರಗಳಲ್ಲಿ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾದದ್ದರಿಂದ, ಇಳಿಯುವ ಮುನ್ನವೇ ಟಿಕೆಟ್ ತೆಗೆದಿಟ್ಟುಕೊಳ್ಳುವುದು ನನಗೆ ರೂಢಿಯಾಗಿದೆ. ಹೊರಬರುವ ದ್ವಾರದ ಸಂಖ್ಯೆಯನ್ನೂ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಅವಸರದಲ್ಲಿ ನಾನೊಮ್ಮೆ ಫಲಕ ಓದದೆ ರಸ್ತೆಯ ತಪ್ಪು ಬದಿಗೆ ಎದ್ದು, ಕೆಳಗೆ ಉಳಿಸಿದ ಹತ್ತು ನಿಮಿಷವನ್ನು ಮೇಲೆ ರಸ್ತೆ ದಾಟಲು ಕಾಯುತ್ತ ಕಳೆದಿದ್ದೇನೆ.

ಎಲ್ಲಕ್ಕಿಂತ ನನ್ನನ್ನು ಚುಚ್ಚುವ ಕೊರತೆ ವೇಳಾಪಟ್ಟಿಯದು. ಮಾರ್ಗ ಪೂರ್ಣಗೊಂಡಾಗ ಪ್ರಕಟವಾದಂತೆ ಮೊದಲ ಗಾಡಿ ಬೆಳಿಗ್ಗೆ 5:55ಕ್ಕೆ, ಕೊನೆಯದು ರಾತ್ರಿ 10:30ಕ್ಕೆ. ಕಚೇರಿಯವರಿಗೆ ಇದು ಧಾರಾಳ. ಆದರೆ ಫೋರ್ಟಿನ ಹೋಟೆಲುಗಳಲ್ಲಿ ಗಲ್ಲಾ ಎಣಿಸಿ, ಅಡುಗೆಮನೆ ತೊಳೆದು, ಶಟರು ಎಳೆಯುವಾಗ ಹನ್ನೊಂದು ದಾಟಿರುತ್ತದೆ. ಹಗಲು ಲೋಟ ತೊಳೆದು ರಾತ್ರಿ ಶಾಲೆಗಳಲ್ಲಿ ಕನ್ನಡ ಕಲಿತವರು ಕಟ್ಟಿದ ಸಮುದಾಯ ನಮ್ಮದು. ಆ ಹುಡುಗರು ಅಂದು ಹೋಟೆಲಿನ ಬೆಂಚಿನ ಮೇಲೆಯೇ ಮಲಗುತ್ತಿದ್ದರು. ಇಂದಿನ ಕೆಲಸಗಾರ ಸಾಕಿನಾಕಾದಲ್ಲೋ ಮರೋಳಿನಲ್ಲೋ ನಾಲ್ವರೊಡನೆ ಒಂದು ಖೋಲಿ ಹಿಡಿದಿರುತ್ತಾನೆ. ನಾನು ಮಧ್ಯಾಹ್ನ ಊಟ ಮಾಡುವ ಹೋಟೆಲಿನ ಕುಂದಾಪುರದ ಕಡೆಯ ಸಪ್ಲಾಯರ್ ಒಬ್ಬನನ್ನು ‘ಮೆಟ್ರೊ ಹತ್ತಿದೆಯಾ?’ ಎಂದು ಕೇಳಿದರೆ, ‘ರಜೆಯಲ್ಲಿ ಒಂದು ಸಲ ನೋಡಿ ಬಂದೆ ಸರ್’ ಎಂದ. ಅವನ ಮನೆಯ ಹತ್ತಿರವೂ ಒಂದು ನಿಲ್ದಾಣ, ಹೋಟೆಲಿನ ಹತ್ತಿರವೂ ಒಂದು ನಿಲ್ದಾಣ. ಆದರೂ ಅವನ ಗಾಡಿ ಮಧ್ಯರಾತ್ರಿಯ ಲೋಕಲ್ಲೇ.

ಅವನಷ್ಟು ಕಷ್ಟ ನನ್ನದಲ್ಲ, ಆದರೂ ಆ ವೇಳಾಪಟ್ಟಿ ನನ್ನ ಸಂಜೆಗಳಿಗೂ ತಟ್ಟಿದೆ. ಕಳೆದ ತಿಂಗಳು ಮಾಟುಂಗಾ ಕಡೆ ಒಂದು ಯಕ್ಷಗಾನಕ್ಕೆ ಹೋಗಿದ್ದೆ. ಎಂದಿನಂತಲ್ಲದೆ ಹೇಳಿದ ಹೊತ್ತಿಗೆ ಸರಿಯಾಗಿ ತಲುಪಿ, ಖಾಲಿ ಕುರ್ಚಿಗಳ ನಡುವೆ ಮುಕ್ಕಾಲು ಗಂಟೆ ಒಬ್ಬನೇ ಕುಳಿತೆ. ಆಡುವವರೂ ನೋಡುವವರೂ ರಸ್ತೆಯಲ್ಲೇ ಇದ್ದರು. ಕೊನೆಗೆ ಚೆಂಡೆ ಏರಿ, ಎರಡನೆಯ ವೇಷ ರಂಗಕ್ಕೆ ಬಂದು, ಭಾಗವತರ ಗಂಟಲು ಕಾದು ಹದಕ್ಕೆ ಬರುತ್ತಿದ್ದಂತೆಯೇ ಗಡಿಯಾರ ಹತ್ತು ದಾಟಿದ್ದನ್ನು ನೋಡಿ, ಕೊನೆಯ ಗಾಡಿಗಾಗಿ ಪಕ್ಕದವರ ಮೊಣಕಾಲುಗಳನ್ನು ಸರಿಸುತ್ತ ಎದ್ದು ಬಂದೆ.